ಆಷಾಢದ ಬಿಸಿಲನ್ನು ಅಳೆಯುವುದು ಹೇಗೆ? ತಾರಸಿ ಸೋಲಾರ್‌ನ ಏರಿಳಿತದ ಲೆಕ್ಕ

ತಾರಸಿ ಮೇಲೆ ಸೋಲಾರ್ ಹಾಕಿಸಬೇಕು ಅಂತ ವಿಚಾರಿಸುವವರು ಮೊದಲು ಕೇಳುವ ಪ್ರಶ್ನೆ ಒಂದೇ. ದಿನಕ್ಕೆ ಎಷ್ಟು ಯೂನಿಟ್ ಬರುತ್ತೆ? ಬೆಂಗಳೂರಿನಲ್ಲಿ ಸಿಗುವ ಉತ್ತರವೂ ಒಂದೇ. 1 ಕಿಲೋವ್ಯಾಟ್ ಪ್ಯಾನೆಲ್‌ಗೆ ಸುಮಾರು 4 ಯೂನಿಟ್. 3 ಕಿಲೋವ್ಯಾಟ್ ಹಾಕಿಸಿದರೆ 12. ಇದು ಸುಳ್ಳಲ್ಲ. ಇಡೀ ವರ್ಷದ ಸರಾಸರಿ ತೆಗೆದರೆ ಈ ಊರಿನಲ್ಲಿ ಬರುವುದು ಹೆಚ್ಚುಕಡಿಮೆ ಅಷ್ಟೇ.

ತೊಂದರೆ ಶುರುವಾಗುವುದು ಪ್ಯಾನೆಲ್ ಕೂತ ಮೇಲೆ. ಮಾರ್ಚ್‌ನಲ್ಲಿ ದಿನಾ 15 ಯೂನಿಟ್ ತೋರಿಸುತ್ತಿದ್ದ ಆ್ಯಪ್ ಜುಲೈನಲ್ಲಿ ಒಂದು ದಿನ 5 ಅನ್ನುತ್ತದೆ, ಮರುದಿನ 11 ಅನ್ನುತ್ತದೆ. ಗ್ರಾಫ್ ನೋಡಿದರೆ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಆಗಿರುತ್ತದೆ. ಪ್ಯಾನೆಲ್ ಹಾಳಾಯ್ತಾ, ಇನ್ವರ್ಟರ್ ಕೆಟ್ಟಿತಾ ಅಂತ ಗಾಬರಿಯಾಗುವುದು ಸಹಜ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾಯಿತು. 1 ಕೋಟಿ ಮನೆಗಳ ಗುರಿ, 3 ಕಿಲೋವ್ಯಾಟ್ ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ. ಹೀಗಾಗಿ ಈ ಪ್ರಶ್ನೆ ಈಗ ತುಂಬಾ ಮನೆಗಳಲ್ಲಿ ಎದ್ದಿದೆ.

ಇದಕ್ಕೆ ಸರಿಯಾದ ಉತ್ತರ ಬೇಕು ಅಂದರೆ ಎಷ್ಟು ಬಂತು ಅನ್ನುವ ಒಂದು ಸಂಖ್ಯೆ ಸಾಲದು. ಎಷ್ಟು ಕುಣಿದಾಡಿಕೊಂಡು ಬಂತು ಅನ್ನುವ ಇನ್ನೊಂದು ಸಂಖ್ಯೆಯೂ ಬೇಕು. ಇವೆರಡೂ ಬೇರೆ ಬೇರೆ ಸಂಗತಿಗಳು. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಬೆಂಗಳೂರಿನ ಆಕಾಶಕ್ಕೂ ಮಂಗಳೂರಿನ ಆಕಾಶಕ್ಕೂ, ಜೈಸಲ್ಮೇರ್‌ಗೂ ಬರ್ಲಿನ್‌ಗೂ ಇರುವ ವ್ಯತ್ಯಾಸ ನಿಚ್ಚಳವಾಗಿ ಕಾಣುತ್ತದೆ.

ಮೊದಲು ಸೂರ್ಯನ ಪಾಲನ್ನು ಬೇರೆ ಮಾಡಬೇಕು

ಏರಿಳಿತ ಎಲ್ಲವೂ ಮೋಡದಿಂದ ಬರುವುದಿಲ್ಲ. ಬೆಳಿಗ್ಗೆ ಸೊನ್ನೆ, ಮಧ್ಯಾಹ್ನ ಗರಿಷ್ಠ, ಸಂಜೆ ಮತ್ತೆ ಸೊನ್ನೆ. ಇದೂ ಏರಿಳಿತವೇ, ಆದರೆ ಯಾರಿಗೂ ಅಚ್ಚರಿ ಇಲ್ಲ. ಸೂರ್ಯ ಯಾವ ನಿಮಿಷದಲ್ಲಿ ಆಕಾಶದ ಯಾವ ಜಾಗದಲ್ಲಿ ಇರುತ್ತಾನೆ ಅಂತ ನೂರು ವರ್ಷ ಮುಂಚೆಯೇ ಹೇಳಬಹುದು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಲ್ಲಿ ಬೆಂಗಳೂರಿನ ಸೂರ್ಯ ಬಹುಪಾಲು ಮುಚ್ಚಿಹೋಗಿದ್ದ. ಅಷ್ಟು ದೊಡ್ಡ ಕುಸಿತ, ಆದರೂ ಅದರ ಹೊತ್ತು ನಿಮಿಷದ ಲೆಕ್ಕದಲ್ಲಿ ಮೊದಲೇ ಗೊತ್ತಿತ್ತು. ಬದಲಾಗುವುದು ಬೇರೆ, ಯಾವಾಗ ಬದಲಾಗುತ್ತದೆ ಅಂತ ಗೊತ್ತಾಗದಿರುವುದು ಬೇರೆ. ನಮ್ಮನ್ನು ಕಾಡುವುದು ಎರಡನೆಯದು.

ಹಾಗಾಗಿ ಅಳತೆಯ ಮೊದಲ ಕೆಲಸ ಸೂರ್ಯನ ಚಲನೆಯಿಂದ ಬರುವ ಬದಲಾವಣೆಯನ್ನು ತೆಗೆದುಹಾಕುವುದು. ಅದಕ್ಕೊಂದು ಸರಳ ದಾರಿ ಇದೆ. ಇವತ್ತು, ಈ ಊರಿನಲ್ಲಿ, ಈ ಗಂಟೆಗೆ ಒಂದು ಚೂರೂ ಮೋಡ ಇಲ್ಲದಿದ್ದರೆ ಎಷ್ಟು ಬಿಸಿಲು ಬೀಳಬೇಕಿತ್ತು ಅಂತ ಲೆಕ್ಕ ಹಾಕುತ್ತಾರೆ. ನಿಜವಾಗಿ ಬಿದ್ದದ್ದನ್ನು ಅದರಿಂದ ಭಾಗಿಸುತ್ತಾರೆ. ಉತ್ತರ 1 ಬಂದರೆ ಆಕಾಶ ಶುಭ್ರ. 0.3 ಬಂದರೆ ಬಿಸಿಲಿನ ಬಹುಪಾಲನ್ನು ಮೋಡ ತಿಂದಿದೆ. ಈ ಅನುಪಾತದಲ್ಲಿ ಬೆಳಿಗ್ಗೆ 8 ಗಂಟೆಯನ್ನೂ ಮಧ್ಯಾಹ್ನ 12 ಗಂಟೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದು. ಬೆಂಗಳೂರನ್ನೂ ಬರ್ಲಿನ್ನನ್ನೂ ಹಾಗೇ.

ಬೆಂಗಳೂರಿಗೆ ಇದನ್ನು ಮಾಡಿ ನೋಡಿದರೆ ಸ್ವಾರಸ್ಯವಾದ ಸಂಗತಿ ಸಿಗುತ್ತದೆ. ನಮ್ಮೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ 13 ಡಿಗ್ರಿ ಹತ್ತಿರದಲ್ಲಿದೆ. ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಶಾಲೆಯಲ್ಲಿ ಕೋಲು ನಿಲ್ಲಿಸಿ ನೋಡುವುದು ಇದನ್ನೇ. ಹಗಲಿನ ಉದ್ದವೂ ಇಲ್ಲಿ ಹೆಚ್ಚು ಬದಲಾಗುವುದಿಲ್ಲ. ಡಿಸೆಂಬರ್‌ನಲ್ಲಿ ಸುಮಾರು ಹನ್ನೊಂದೂಕಾಲು ಗಂಟೆ, ಜೂನ್‌ನಲ್ಲಿ 13 ಗಂಟೆಗೆ ಸ್ವಲ್ಪ ಕಮ್ಮಿ. ಸೂರ್ಯನೊಬ್ಬನನ್ನೇ ನಂಬಿದರೆ ಆಗಸ್ಟ್ ನಮಗೆ ಒಳ್ಳೆಯ ತಿಂಗಳಾಗಬೇಕಿತ್ತು. ಆದರೆ ಹೆಚ್ಚು ಕರೆಂಟ್ ಬರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಜುಲೈ, ಆಗಸ್ಟ್ ಬಡವಾಗಿರುತ್ತವೆ. ಜುಲೈನಲ್ಲಿ ಬೀಳುವ ಬಿಸಿಲು ಮಾರ್ಚ್‌ನ ಮೂರನೇ ಎರಡು ಭಾಗದ ಆಸುಪಾಸು ಅಷ್ಟೆ. ಈ ವ್ಯತ್ಯಾಸದ ಹೊಣೆ ಬಹುತೇಕ ಪೂರ್ತಿಯಾಗಿ ಮುಂಗಾರಿನ ಮೋಡದ್ದು.

ಬರ್ಲಿನ್‌ನಲ್ಲಿ ಕಥೆ ಉಲ್ಟಾ. ಅಲ್ಲಿ ಹಗಲು ಜೂನ್‌ನಲ್ಲಿ 17 ಗಂಟೆಗೆ ಹತ್ತಿರ, ಡಿಸೆಂಬರ್‌ನಲ್ಲಿ 8 ಗಂಟೆಯೂ ಇಲ್ಲ. ಸೂರ್ಯ ಆಗ ದಿಗಂತಕ್ಕೆ ಅಂಟಿಕೊಂಡೇ ಸಾಗುತ್ತಾನೆ. ಡಿಸೆಂಬರ್‌ನ ಉತ್ಪಾದನೆ ಜೂನ್‌ನ ಐದನೇ ಒಂದು ಭಾಗ, ಇಲ್ಲವೇ ಅದಕ್ಕೂ ಕಮ್ಮಿ. ಅಲ್ಲಿನ ದೊಡ್ಡ ಏರಿಳಿತ ಕೂತಿರುವುದು ಋತುವಿನಲ್ಲಿ. ನಮ್ಮಲ್ಲಿ ಅದು ಕೂತಿರುವುದು ನಿಮಿಷಗಳಲ್ಲಿ.

ಮೂರು ಅರ್ಧಗಂಟೆಗಳು

ಈಗ ಎರಡನೇ ಸಂಖ್ಯೆಗೆ ಬರೋಣ. ಅರ್ಥವಾಗಲಿ ಅಂತ ಒಂದು ಉದಾಹರಣೆ ಕಟ್ಟುತ್ತೇನೆ. 3 ಕಿಲೋವ್ಯಾಟ್‌ನ ಒಂದು ತಾರಸಿ, ಹೊತ್ತು ಮಧ್ಯಾಹ್ನ, ಐದೈದು ನಿಮಿಷಕ್ಕೊಂದು ರೀಡಿಂಗ್. ಎಲ್ಲವೂ ಕಿಲೋವ್ಯಾಟ್‌ನಲ್ಲಿ.

ಫೆಬ್ರವರಿಯ ಒಂದು ದಿನ: 2.4, 2.4, 2.5, 2.5, 2.5, 2.4.

ಆಷಾಢದ ಒಂದು ದಿನ: 2.7, 0.9, 2.6, 1.0, 2.8, 0.8.

ಚೆನ್ನೈ ಕಡೆ ವಾಯುಭಾರ ಕುಸಿತವಾಗಿ ಬೆಂಗಳೂರಿನಲ್ಲಿ ಬೆಳಿಗ್ಗೆಯಿಂದ ಸೋನೆ ಹಿಡಿದ ನವೆಂಬರ್‌ನ ಒಂದು ದಿನ: 0.6, 0.6, 0.7, 0.7, 0.7, 0.6.

ಸರಾಸರಿ ತೆಗೆಯಿರಿ. ಫೆಬ್ರವರಿಯದು 2.45, ಆಷಾಢದ್ದು 1.8, ನವೆಂಬರ್‌ನದು 0.65. ಫೆಬ್ರವರಿಯನ್ನು ಶುಭ್ರ ಆಕಾಶ ಅಂತ ಹಿಡಿದರೆ ಆಷಾಢಕ್ಕೆ 0.73, ನವೆಂಬರ್‌ಗೆ 0.27. ಇದು ‘ಎಷ್ಟು ಬಂತು’ ಅನ್ನುವ ಉತ್ತರ.

ಈಗ ಒಂದು ರೀಡಿಂಗ್‌ನಿಂದ ಮುಂದಿನದಕ್ಕೆ ಆದ ಜಿಗಿತಗಳನ್ನು ಕೂಡಿಸಿ. ಮೇಲಕ್ಕೋ ಕೆಳಕ್ಕೋ ನೋಡಬೇಡಿ, ಎಷ್ಟು ಅನ್ನುವುದಷ್ಟೇ ಲೆಕ್ಕ. ಫೆಬ್ರವರಿಯಲ್ಲಿ ಒಟ್ಟು 0.2. ನವೆಂಬರ್‌ನಲ್ಲೂ 0.2. ಆಷಾಢದಲ್ಲಿ 8.9!

ಇಲ್ಲಿ ಸ್ವಲ್ಪ ನಿಲ್ಲಬೇಕು. ಅತಿ ಜಾಸ್ತಿ ಕರೆಂಟ್ ಕೊಟ್ಟ ದಿನವೂ ಅತಿ ಕಮ್ಮಿ ಕೊಟ್ಟ ದಿನವೂ ಜಿಗಿತದಲ್ಲಿ ಸಮ. ಮೋಡ ಜಾಸ್ತಿ ಆದರೆ ಏರಿಳಿತ ಜಾಸ್ತಿ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಪೂರ್ತಿ ಮುಚ್ಚಿದ ಆಕಾಶ ತಣ್ಣಗೆ, ಒಂದೇ ಸಮನೆ ಕಮ್ಮಿ ಕೊಡುತ್ತದೆ. ಕುಣಿಸುವುದು ಅರ್ಧಂಬರ್ಧ ಮೋಡ. ಹತ್ತಿಯ ರಾಶಿಯಂಥ ಬಿಡಿ ಬಿಡಿ ಮೋಡಗಳು ಗಾಳಿಗೆ ಓಡುತ್ತಿದ್ದಾಗ ಗ್ರಾಫ್ ಹುಚ್ಚೆದ್ದು ಕುಣಿಯುತ್ತದೆ.

ಈ ಯೋಚನೆಗೆ ಒಂದು ಅಚ್ಚುಕಟ್ಟಾದ ರೂಪ ಕೊಟ್ಟವರು ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಜೋಶುವಾ ಸ್ಟೈನ್, ಕ್ಲಿಫರ್ಡ್ ಹ್ಯಾನ್ಸನ್ ಮತ್ತು ಮ್ಯಾಥ್ಯೂ ರೆನೊ. 2012ರಲ್ಲಿ ಅವರು ಏರಿಳಿತ ಸೂಚ್ಯಂಕ ಅನ್ನುವ ಅಳತೆಯನ್ನು ಮುಂದಿಟ್ಟರು. ದಿನದ ಬಿಸಿಲಿನ ಗ್ರಾಫ್ ಗೆರೆಯ ಉದ್ದವನ್ನು ಅಳೆದು, ಅದನ್ನು ಮೋಡವಿಲ್ಲದ ದಿನದ ಗೆರೆಯ ಉದ್ದದಿಂದ ಭಾಗಿಸುವುದು. ಶುಭ್ರ ದಿನಕ್ಕೆ ಉತ್ತರ 1ರ ಹತ್ತಿರ. ಕುಣಿದಾಡಿದ ದಿನಕ್ಕೆ ಅದರ ಎಷ್ಟೋ ಪಟ್ಟು. ನಾನು ಮೇಲೆ ಬರೀ ಜಿಗಿತಗಳನ್ನು ಕೂಡಿದ್ದೇನೆ, ಅವರು ಗೆರೆಯ ಪೂರ್ತಿ ಉದ್ದ ಹಿಡಿಯುತ್ತಾರೆ. ಹಾಗಾಗಿ ಸಂಖ್ಯೆಗಳು ಬೇರೆ ಬರುತ್ತವೆ, ಹೇಳುವ ಸಂಗತಿ ಅದೇ.

ಒಂದು ಹಾಳೆಯ ಮೇಲೆ ಅಡ್ಡಕ್ಕೆ ‘ಎಷ್ಟು ಬಂತು’, ಉದ್ದಕ್ಕೆ ‘ಎಷ್ಟು ಕುಣಿಯಿತು’ ಅಂತ ಗೆರೆ ಎಳೆಯಿರಿ. ದಿನಕ್ಕೊಂದು ಚುಕ್ಕಿ ಇಡಿ. ವರ್ಷ ಮುಗಿಯುವ ಹೊತ್ತಿಗೆ ನಿಮ್ಮೂರಿನ ಹವಾಗುಣ ಆ ಹಾಳೆಯ ಮೇಲೆ ಮೂಡಿರುತ್ತದೆ. ಬಲಗಡೆ ಕೆಳಗೆ ಶುಭ್ರ ದಿನಗಳು. ಎಡಗಡೆ ಕೆಳಗೆ ಜಡಿಮಳೆಯ ದಿನಗಳು. ನಡುವೆ, ಮೇಲ್ಗಡೆ, ಬಿಸಿಲು-ಮೋಡ ಎರಡೂ ಇದ್ದ ದಿನಗಳು.

ಬೆಂಗಳೂರಿನ ವರ್ಷ ಹೀಗೆ ಸಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಚುಕ್ಕಿಗಳು ಬಲಗಡೆ ಕೆಳಗೆ ಗುಂಪಾಗಿರುತ್ತವೆ. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಶುಭ್ರ, ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ. ದಿನದ ಮೊದಲರ್ಧ ಒಂದು ಥರ, ಎರಡನೇ ಅರ್ಧ ಇನ್ನೊಂದು ಥರ. ಆಷಾಢ ಬಂತು ಅಂದರೆ ಗಾಳಿ. ಪಶ್ಚಿಮದಿಂದ ಬೀಸುವ ಆ ಗಾಳಿ ಘಟ್ಟ ದಾಟಿ ಬಂದ ತುಂಡು ಮೋಡಗಳನ್ನು ಊರ ಮೇಲೆ ಓಡಿಸುತ್ತದೆ. ಮಳೆ ಹನಿಯೂ ಇಲ್ಲ, ಸರಿಯಾದ ಬಿಸಿಲೂ ಇಲ್ಲ. ಚುಕ್ಕಿಗಳು ಹಾಳೆಯ ಮೇಲ್ಗಡೆಗೆ ಏರುತ್ತವೆ. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಬಂದಾಗ ಎರಡು ಮೂರು ದಿನ ಎಡಗಡೆ ಕೆಳಗಿನ ಮೂಲೆ ತುಂಬುತ್ತದೆ, ಹೋದ ಮೇಲೆ ಮತ್ತೆ ಬಲಕ್ಕೆ.

ಮೋಡದ ದಿನ ಜಾಸ್ತಿ ಪವರ್ ಬರುವುದು ಯಾಕೆ?

ಆಷಾಢದ ರೀಡಿಂಗ್‌ನಲ್ಲಿ 2.8 ಇತ್ತು, ಫೆಬ್ರವರಿಯಲ್ಲಿ 2.5 ದಾಟಲಿಲ್ಲ. ಗಮನಿಸಿದಿರಾ? ಇದು ಬರವಣಿಗೆಯ ತಪ್ಪಲ್ಲ. ವರ್ಷದ ಅತಿ ಹೆಚ್ಚಿನ ಕ್ಷಣದ ಪವರ್ ಮಳೆಗಾಲದಲ್ಲಿ ದಾಖಲಾಗುವುದು ಮಾಮೂಲಿ. ಆ್ಯಪ್‌ನಲ್ಲಿ ಇದನ್ನು ಕಂಡವರು ಮೀಟರ್ ತಪ್ಪು ತೋರಿಸುತ್ತಿದೆ ಅಂದುಕೊಳ್ಳುತ್ತಾರೆ.

ಇದಕ್ಕೆ ಎರಡು ಕಾರಣ. ಮೊದಲನೆಯದು ಮೋಡದ ಅಂಚು. ಸೂರ್ಯ ಮೋಡದ ಸಂದಿಯಿಂದ ನೇರವಾಗಿ ಹೊಳೆಯುತ್ತಿರುವಾಗ ಸುತ್ತಲಿನ ಬಿಳಿ ಮೋಡಗಳಿಂದ ಚೆದುರಿದ ಬೆಳಕೂ ಪ್ಯಾನೆಲ್ ಮೇಲೆ ಬೀಳುತ್ತದೆ. ಎರಡೂ ಸೇರಿ ಮೋಡವಿಲ್ಲದ ದಿನಕ್ಕಿಂತ ಜಾಸ್ತಿ ಬೆಳಕು ಆಗುತ್ತದೆ. ಕೆಲವು ಸೆಕೆಂಡು, ಕೆಲವೊಮ್ಮೆ ಕೆಲವು ನಿಮಿಷ.

ಎರಡನೆಯದು ಬಿಸಿ. ಪ್ಯಾನೆಲ್‌ನ ಮೇಲೆ ಬರೆದಿರುವ ಕಿಲೋವ್ಯಾಟ್ ಸಂಖ್ಯೆ ಪ್ರಯೋಗಾಲಯದ್ದು. ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು, ಪ್ಯಾನೆಲ್‌ನ ಒಳಗಿನ ಉಷ್ಣತೆ 25 ಡಿಗ್ರಿ ಇದ್ದಾಗ ಅಳೆದದ್ದು. ತಾರಸಿಯಲ್ಲಿ 25 ಡಿಗ್ರಿ ಎಲ್ಲಿಂದ ಬರಬೇಕು? ಏಪ್ರಿಲ್ ಮಧ್ಯಾಹ್ನ ಗಾಳಿ 34 ಡಿಗ್ರಿ ಇದ್ದರೆ ಪ್ಯಾನೆಲ್ 60 ಡಿಗ್ರಿ ಮುಟ್ಟುತ್ತದೆ. ಸಿಲಿಕಾನ್ ಪ್ಯಾನೆಲ್ ಒಂದೊಂದು ಡಿಗ್ರಿ ಬಿಸಿಗೂ ಶೇಕಡಾ 0.3ರಿಂದ 0.4ರಷ್ಟು ಪವರ್ ಕಳೆದುಕೊಳ್ಳುತ್ತದೆ. 35 ಡಿಗ್ರಿ ಜಾಸ್ತಿ ಅಂದರೆ ಹತ್ತಿರ ಹತ್ತಿರ ಶೇಕಡಾ 12 ಹೋಯಿತು. ಮಳೆಗಾಲದಲ್ಲಿ ಮೋಡದ ನೆರಳಿನಲ್ಲಿ, ಗಾಳಿಗೆ ತಣ್ಣಗಾಗಿ ಕೂತ ಪ್ಯಾನೆಲ್ ಮೇಲೆ ಒಮ್ಮೆಲೇ ಬಿಸಿಲು ಬಿದ್ದರೆ ಈ ನಷ್ಟ ಇಲ್ಲ. ಬಿಸಿಯಾಗುವಷ್ಟರಲ್ಲಿ ಒಳ್ಳೆಯ ಪವರ್ ಕೊಟ್ಟುಬಿಡುತ್ತದೆ.

ಹವಾಗುಣಗಳನ್ನು ಹೋಲಿಸುವಾಗ ಈ ಬಿಸಿಯ ಲೆಕ್ಕವನ್ನು ಬಿಡುವ ಹಾಗೇ ಇಲ್ಲ. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಪ್ಯಾನೆಲ್ 70ರ ಹತ್ತಿರ ಹೋಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಊರು, ಗಾಳಿ ತಂಪು. ಒಂದೇ ಬಿಸಿಲಿಗೆ ಇಲ್ಲಿ ಸ್ವಲ್ಪ ಜಾಸ್ತಿ ಕರೆಂಟ್. ಲೇಹ್‌ನಂಥ ಕಡೆ, 3500 ಮೀಟರ್ ಎತ್ತರದಲ್ಲಿ, ಗಾಳಿ ತೆಳು, ಬಿಸಿಲು ಚುರುಕು, ಚಳಿ ಬೇರೆ. ಪ್ಯಾನೆಲ್‌ಗೆ ಅದಕ್ಕಿಂತ ಹಿತವಾದ ಜಾಗ ಸಿಗುವುದು ಕಷ್ಟ. ಬಿಸಿಲನ್ನು ಅಳೆದರೆ ಸಾಲದು, ಪ್ಯಾನೆಲ್‌ನ ಬೆನ್ನಿಗೆ ಒಂದು ಉಷ್ಣತೆಯ ಸೆನ್ಸರ್ ಅಂಟಿಸಬೇಕು ಅಂತ ಇಂಜಿನಿಯರ್‌ಗಳು ಹೇಳುವುದು ಇದಕ್ಕೇ.

ಬೇರೆ ಊರುಗಳನ್ನು ಆ ಹಾಳೆಯ ಮೇಲೆ ಬೇಗ ಬೇಗ ಇಟ್ಟು ನೋಡೋಣ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವ ಮಳೆ ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆಗೆ ಹೆಚ್ಚುಕಡಿಮೆ ಸಮ. ಅಲ್ಲಿ ಮುಂಗಾರು ಅಂದರೆ ದಿನಗಟ್ಟಲೆ ಮುಚ್ಚಿದ ಆಕಾಶ. ಉತ್ಪಾದನೆ ಕಮ್ಮಿ, ಜಿಗಿತವೂ ಕಮ್ಮಿ. ಜೈಸಲ್ಮೇರ್‌ನಲ್ಲಿ ವರ್ಷದ ಬಹುಪಾಲು ಚುಕ್ಕಿಗಳು ಬಲಗಡೆ ಕೆಳಗೆ. ಅಲ್ಲಿನ ತಲೆನೋವು ಧೂಳು. ಅದು ನಿಮಿಷದಲ್ಲಿ ಕಾಣುವುದಿಲ್ಲ, ವಾರಗಟ್ಟಲೆ ನಿಧಾನಕ್ಕೆ ಇಳಿಯುವ ಗೆರೆಯಾಗಿ ಕಾಣುತ್ತದೆ. ದೆಹಲಿಯಲ್ಲಿ ಚಳಿಗಾಲದ ಮಂಜು ಮತ್ತು ಹೊಗೆ ಬೆಳಗಿನ ಗಂಟೆಗಳನ್ನು ಕಸಿಯುತ್ತವೆ.

ಇನ್ನು ಹವಾಯಿ. ಅಲ್ಲಿ ಸಮುದ್ರದ ಮೇಲಿಂದ ವರ್ಷವಿಡೀ ಬೀಸುವ ಗಾಳಿ ತುಂಡು ಮೋಡಗಳನ್ನು ಹೊತ್ತು ತರುತ್ತದೆ. ಅಮೆರಿಕದ ನವೀಕರಿಸಬಹುದಾದ ಇಂಧನದ ರಾಷ್ಟ್ರೀಯ ಪ್ರಯೋಗಾಲಯ (ಎನ್‌ಆರ್‌ಇಎಲ್) 2010-11ರಲ್ಲಿ ಒವಾಹು ದ್ವೀಪದ ಒಂದು ವಿಮಾನ ನಿಲ್ದಾಣದ ಬಳಿ 17 ಸೆನ್ಸರ್‌ಗಳನ್ನು ಹಾಸಿ ಸೆಕೆಂಡಿಗೊಂದು ರೀಡಿಂಗ್ ತೆಗೆಯಿತು. ನಿಮಿಷದೊಳಗಿನ ಏರಿಳಿತವನ್ನು ಅಧ್ಯಯನ ಮಾಡುವವರಿಗೆ ಆ ಡೇಟಾ ಇವತ್ತಿಗೂ ಬೇಕು. ಆಷಾಢದ ಬೆಂಗಳೂರಿಗೂ ಒಂದು ಅಂಥ ಅಳತೆ ಆಗಬೇಕು ಅನ್ನುವುದು ನನ್ನ ಬಲವಾದ ಆಸೆ. ನಮ್ಮ ಆಕಾಶವನ್ನು ಬೇರೆಯವರ ದ್ವೀಪದ ಲೆಕ್ಕದಿಂದ ಊಹಿಸುವುದಕ್ಕಿಂತ ಅದು ಮೇಲು, ಅಲ್ವಾ?

ಎಷ್ಟು ಹೊತ್ತಿಗೊಮ್ಮೆ ನೋಡಬೇಕು?

ಆಷಾಢದ ಆ ಆರು ರೀಡಿಂಗ್‌ಗಳನ್ನು ಸೇರಿಸಿ ಅರ್ಧ ಗಂಟೆಯ ಸರಾಸರಿ ಅಂತ 1.8 ಬರೆದುಬಿಟ್ಟರೆ ಕುಣಿತ ಪೂರ್ತಿ ಮಾಯ. ಮುಂದಿನ ಅರ್ಧ ಗಂಟೆಯೂ 1.8ರ ಸುತ್ತಮುತ್ತ ಬಂದರೆ ಗ್ರಾಫ್ ನೇರ ಗೆರೆಯ ಹಾಗೆ ಕಾಣುತ್ತದೆ. ಹಾಗಾಗಿ ‘ಇಲ್ಲಿ ಏರಿಳಿತ ಕಮ್ಮಿ’ ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು, ಎಷ್ಟು ನಿಮಿಷದ ಸರಾಸರಿ ಮೇಲೆ ಅಂತ. ಈ ಒಂದು ವಿವರ ಇಲ್ಲದ ಹೋಲಿಕೆಗೆ ಬೆಲೆ ಇಲ್ಲ.

ಒಂದು ಮೋಡ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 10 ಮೀಟರ್. 30-40 ಸೈಟಿನ ಮನೆಯ ತಾರಸಿಯನ್ನು ಅದರ ನೆರಳು ಒಂದೆರಡು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಇನ್ವರ್ಟರ್‌ನ ಆ್ಯಪ್‌ಗಳು ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ಡೇಟಾ ಕೊಡುತ್ತವೆ. ನಡುವೆ ಆದದ್ದು ನಮಗೆ ಕಾಣುವುದೇ ಇಲ್ಲ. ಅಳೆಯುವ ಸಾಧನವೂ ಮುಖ್ಯ. ಹವಾಮಾನ ಕೇಂದ್ರಗಳಲ್ಲಿ ಬಳಸುವ ಗಾಜಿನ ಗುಮ್ಮಟದ ಪೈರನೋಮೀಟರ್ ಬೆಳಕಿನಿಂದ ಆಗುವ ಬಿಸಿಯನ್ನು ಅಳೆಯುತ್ತದೆ. ನಿಖರ, ಆದರೆ ಕೆಲವು ಸೆಕೆಂಡು ನಿಧಾನ. ಸಿಲಿಕಾನ್ ಸೆನ್ಸರ್ ತಕ್ಷಣ ಸ್ಪಂದಿಸುತ್ತದೆ, ಪ್ಯಾನೆಲ್‌ನ ಹಾಗೆಯೇ ನೋಡುತ್ತದೆ. ವೇಗದ ಜಿಗಿತ ಬೇಕಿದ್ದರೆ ಎರಡನೆಯದೇ ಸರಿ.

ಇದರ ಜೊತೆ ಒಂದು ಮಾತು. ತಾರಸಿಯ ಬಿಸಿನೀರಿನ ಸೋಲಾರ್‌ಗೆ ಈ ನಿಮಿಷದ ಲೆಕ್ಕ ಯಾವುದೂ ಬೇಡ. ಟ್ಯಾಂಕ್ ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಮೋಡ ಬಂದು ಹೋದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಕರೆಂಟಿನ ಪ್ಯಾನೆಲ್‌ಗೆ ಅಂಥ ಸಾವಧಾನ ಇಲ್ಲ.

ಒಂದು ಮನೆ, ಒಂದು ಲೇಔಟ್, ಒಂದು ಊರು

ಯಲಹಂಕದಲ್ಲಿ ಮಳೆ ಸುರಿಯುವಾಗ ಜಯನಗರದಲ್ಲಿ ಬಿಸಿಲು ಇರುವುದು ಬೆಂಗಳೂರಿನವರಿಗೆ ಹೊಸ ವಿಷಯವೇನಲ್ಲ. ಸೋಲಾರ್‌ಗೆ ಇದು ದೊಡ್ಡ ವರ. ಒಂದು ತಾರಸಿಯಲ್ಲಿ ಪವರ್ ಬಿದ್ದಾಗ ಇನ್ನೊಂದರಲ್ಲಿ ಏರುತ್ತಿರುತ್ತದೆ. ಎರಡನ್ನೂ ಕೂಡಿದರೆ ಜಿಗಿತ ಚಿಕ್ಕದಾಗುತ್ತದೆ.

ಎಷ್ಟು ಚಿಕ್ಕದು? ಟಾಮ್ ಹಾಫ್ ಮತ್ತು ರಿಚರ್ಡ್ ಪೆರೆಝ್ ಅನ್ನುವ ಇಬ್ಬರು ಸೋಲಾರ್ ಸಂಶೋಧಕರು 2010ರಲ್ಲಿ ಇದರ ಲೆಕ್ಕ ಕೊಟ್ಟರು. ಮನೆಗಳ ಜಿಗಿತಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ, ಒಟ್ಟು ಏರಿಳಿತ ಮನೆಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಇಳಿಯುತ್ತದೆ. ಒಂದು ಮನೆಯ ಸಾಮಾನ್ಯ ಜಿಗಿತ ಸಾಮರ್ಥ್ಯದ ಶೇಕಡಾ 60 ಅಂತಿಟ್ಟುಕೊಳ್ಳಿ. ಅಂಥ 100 ಮನೆ ಸೇರಿದರೆ ಒಟ್ಟು ಸಾಮರ್ಥ್ಯದ ಶೇಕಡಾ 6 ಮಾತ್ರ.

ಸಂಬಂಧವಿಲ್ಲ ಅನ್ನಲು ಮನೆಗಳು ಎಷ್ಟು ದೂರ ಇರಬೇಕು? ಒಂದು ಅಂದಾಜು ಲೆಕ್ಕ ಹೀಗಿದೆ: ಮೋಡದ ವೇಗವನ್ನು ನೀವು ನೋಡುತ್ತಿರುವ ಕಾಲದಿಂದ ಗುಣಿಸಿ. ನಮ್ಮ 36 ಕಿಲೋಮೀಟರ್ ವೇಗದ ಮೋಡಕ್ಕೆ 1 ನಿಮಿಷದ ಜಿಗಿತವಾದರೆ 600 ಮೀಟರ್. 15 ನಿಮಿಷದ್ದಾದರೆ 9 ಕಿಲೋಮೀಟರ್. 1 ಗಂಟೆಯದ್ದಾದರೆ 36 ಕಿಲೋಮೀಟರ್. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ನೇರ ದೂರ 20 ಕಿಲೋಮೀಟರ್‌ಗೆ ಸ್ವಲ್ಪ ಮೇಲೆ. ಅಂದರೆ ನಿಮಿಷದ ಏರಿಳಿತವನ್ನು ಇಡೀ ಬೆಂಗಳೂರು ಸೇರಿ ಚೆನ್ನಾಗಿ ನುಂಗಿಕೊಳ್ಳುತ್ತದೆ. ಗಂಟೆಗಳ ಏರಿಳಿತವನ್ನು ಅಷ್ಟಾಗಿ ಅಲ್ಲ. ಇನ್ನು ಇಡೀ ರಾಜ್ಯದ ಮೇಲೆ ಮುಂಗಾರು ಕವಿದಾಗ ಬರುವ ತಿಂಗಳುಗಳ ಇಳಿತಕ್ಕೆ ಊರೂರು ಕೂಡಿಸಿದರೂ ಮದ್ದಿಲ್ಲ.

ಇದರಲ್ಲಿ ಒಂದು ಸಿಕ್ಕು ಇದೆ, ಅದರ ಬಗ್ಗೆ ಮಾತು ಕಮ್ಮಿ. ಒಂದು ಲೇಔಟಿನ ಒಂದೇ ಟ್ರಾನ್ಸ್‌ಫಾರ್ಮರ್‌ಗೆ ಸೇರಿದ ಮನೆಗಳು ಕೆಲವು ನೂರು ಮೀಟರ್ ಒಳಗೇ ಇರುತ್ತವೆ. ಮೋಡ ಬಂದರೆ ಎಲ್ಲಕ್ಕೂ ಹೆಚ್ಚುಕಡಿಮೆ ಒಟ್ಟಿಗೆ. ಊರಿನ ಮಟ್ಟದಲ್ಲಿ ಕಾಣದ ಜಿಗಿತ ಆ ಬೀದಿಯ ಮಟ್ಟದಲ್ಲಿ ಹಾಗೇ ಉಳಿಯುತ್ತದೆ, ವೋಲ್ಟೇಜ್ ಮೇಲೆ ಕೆಳಗೆ ಆಗುವುದಕ್ಕೆ ಕಾರಣವಾಗುತ್ತದೆ. ಬೆಸ್ಕಾಂನ ಇಂಜಿನಿಯರ್‌ಗೆ ಬೀದಿಯ ಲೆಕ್ಕ ಬೇಕು, ರಾಜ್ಯದ ಗ್ರಿಡ್ ನೋಡಿಕೊಳ್ಳುವವರಿಗೆ ಊರಿನ ಲೆಕ್ಕ ಬೇಕು. ಒಂದೇ ಸಂಖ್ಯೆ ಇಬ್ಬರಿಗೂ ಆಗುವುದಿಲ್ಲ.

ಪಾವಗಡದ ಸೋಲಾರ್ ಪಾರ್ಕ್‌ನಲ್ಲೂ ಇದೇ ತತ್ವ. 2050 ಮೆಗಾವ್ಯಾಟ್, ಸುಮಾರು 13,000 ಎಕರೆ. ಅಂದರೆ 53 ಚದರ ಕಿಲೋಮೀಟರ್‌ನಷ್ಟು. ನಮ್ಮ ಮೋಡ ಅದನ್ನು ದಾಟಲು ಹತ್ತು ನಿಮಿಷದ ಮೇಲೆ ಬೇಕು. ಹಾಗಾಗಿ ಒಂದು ನಿಮಿಷದಲ್ಲಿ ಎಲ್ಲವೂ ಕುಸಿಯುವುದಿಲ್ಲ, ಕಾಲು ಗಂಟೆಯಲ್ಲಿ ದೊಡ್ಡ ಇಳಿತ ಆಗಬಹುದು. ನಮ್ಮ ಗ್ರಿಡ್‌ನ ಲೆಕ್ಕಾಚಾರ ನಡೆಯುವುದೂ 15 ನಿಮಿಷಗಳ ತುಂಡುಗಳಲ್ಲಿ, ದಿನಕ್ಕೆ 96 ತುಂಡು. ಆ ಇಳಿತವನ್ನು ತುಂಬಲು ಬೇಗ ಏರಿಸಿ ಇಳಿಸಬಲ್ಲ ಕರೆಂಟ್ ಬೇಕು. ಕರ್ನಾಟಕದ ಪುಣ್ಯಕ್ಕೆ ಶರಾವತಿಯಂಥ ಜಲವಿದ್ಯುತ್ ಕೇಂದ್ರಗಳಿವೆ. 1035 ಮೆಗಾವ್ಯಾಟ್‌ನ ಆ ಕೇಂದ್ರದ ಟರ್ಬೈನ್‌ಗಳನ್ನು ಕಲ್ಲಿದ್ದಲಿನ ಘಟಕಗಳಿಗಿಂತ ಎಷ್ಟೋ ಬೇಗ ಏರಿಸಬಹುದು.

ನಿಮ್ಮ ಮನೆಯ ಡೇಟಾ

ಇದನ್ನೆಲ್ಲ ಮನೆಯಲ್ಲೇ ಮಾಡಬಹುದು. ಬಹಳಷ್ಟು ಇನ್ವರ್ಟರ್ ಆ್ಯಪ್‌ಗಳಲ್ಲಿ ದಿನದ ಡೇಟಾವನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುವ ಅವಕಾಶ ಇರುತ್ತದೆ. ಮೊದಲು ಎಲ್ಲ ರೀಡಿಂಗ್‌ಗಳನ್ನೂ ನಿಮ್ಮ ಪ್ಯಾನೆಲ್‌ನ ಕಿಲೋವ್ಯಾಟ್‌ನಿಂದ ಭಾಗಿಸಿ. ಆಗ ನಿಮ್ಮ 3 ಕಿಲೋವ್ಯಾಟನ್ನು ಹುಬ್ಬಳ್ಳಿಯ ನೆಂಟರ 10 ಕಿಲೋವ್ಯಾಟ್ ಜೊತೆ ಹೋಲಿಸಬಹುದು. ಪ್ರತಿ ತಿಂಗಳಲ್ಲೂ ಗ್ರಾಫ್ ನುಣುಪಾಗಿ ಬಂದ ಒಂದು ದಿನವನ್ನು ಹುಡುಕಿ, ಅದನ್ನೇ ಆ ತಿಂಗಳ ಶುಭ್ರ ದಿನ ಅಂತ ಇಟ್ಟುಕೊಳ್ಳಿ. ಜುಲೈನಲ್ಲಿ ಅಂಥ ದಿನ ಸಿಗದಿದ್ದರೆ ಮೇ ತಿಂಗಳಿನದನ್ನು ಬಳಸಿ, ಸೂರ್ಯನ ದಾರಿ ಆಗ ಹೆಚ್ಚುಕಡಿಮೆ ಅದೇ ಇರುತ್ತದೆ. ಆಮೇಲೆ ಪ್ರತಿ ದಿನಕ್ಕೂ ಎರಡು ಸಂಖ್ಯೆ: ಒಟ್ಟು ಉತ್ಪಾದನೆಯ ಅನುಪಾತ, ಒಟ್ಟು ಜಿಗಿತದ ಅನುಪಾತ.

ಆದರೆ ಅದಕ್ಕೂ ಮುಂಚೆ ಡೇಟಾ ಶುಚಿ ಮಾಡಬೇಕು. ಸುಮ್ನೆ ಲೆಕ್ಕ ಹಾಕಿದರೆ ಮೋಡದ ಮೇಲೆ ಇಲ್ಲದ ಆರೋಪ ಬರುತ್ತದೆ. ಕರೆಂಟ್ ಹೋದರೆ ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಅಪಾಯ ಆಗಬಾರದು ಅಂತ ಇರುವ ವ್ಯವಸ್ಥೆ ಅದು. ಕರೆಂಟ್ ಬಂದ ಮೇಲೂ ಸ್ವಲ್ಪ ಹೊತ್ತು ಕಾದು ಆಮೇಲೆ ಶುರುವಾಗುತ್ತದೆ. ಡೇಟಾದಲ್ಲಿ ಇದು ಥಟ್ಟನೆ ಸೊನ್ನೆಯಾಗಿ ಕಾಣುತ್ತದೆ. ಎಷ್ಟೇ ದಟ್ಟ ಮೋಡ ಬಂದರೂ ನಟ್ಟ ನಡು ಮಧ್ಯಾಹ್ನ ಪವರ್ ಪೂರ್ತಿ ಸೊನ್ನೆ ಆಗುವುದಿಲ್ಲ. ಹಾಗಾಗಿ ಸೊನ್ನೆ ಕಂಡರೆ ಅದು ಆಕಾಶದ ಕೆಲಸವಲ್ಲ. ಬೀದಿಯ ವೋಲ್ಟೇಜ್ ಮಿತಿ ಮೀರಿದರೂ ಇನ್ವರ್ಟರ್ ಹೀಗೇ ಕಳಚಿಕೊಳ್ಳುತ್ತದೆ. ಶುಭ್ರ ಬಿಸಿಲಿನ ದಿನ ಪದೇ ಪದೇ ಹೀಗಾದರೆ ದೂರು ಕೊಡಬೇಕಾದ ವಿಷಯ.

ನೆರಳನ್ನು ಗುರುತಿಸುವುದು ಸುಲಭ. ಪಕ್ಕದ ಮನೆಯ ನೀರಿನ ಟ್ಯಾಂಕ್‌ದೋ ತೆಂಗಿನ ಮರದ್ದೋ ನೆರಳು ದಿನಾ ಅದೇ ಹೊತ್ತಿಗೆ ಅದೇ ಕಡೆ ಗುಳಿ ಮಾಡುತ್ತದೆ, ತಿಂಗಳಿಂದ ತಿಂಗಳಿಗೆ ಮೆಲ್ಲಗೆ ಜರುಗುತ್ತದೆ. ಮೋಡಕ್ಕೆ ಅಂಥ ಶಿಸ್ತಿಲ್ಲ. ಹತ್ತು ದಿನದ ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟರೆ ಎರಡೂ ಬೇರೆಯಾಗುತ್ತವೆ. ಡಿಸೆಂಬರ್‌ನಿಂದ ಮಳೆಯಿಲ್ಲದೆ ಕೂತ ಧೂಳು ಶುಭ್ರ ದಿನಗಳ ಗರಿಷ್ಠವನ್ನೇ ನಿಧಾನಕ್ಕೆ ಇಳಿಸುತ್ತದೆ. ಒಮ್ಮೆ ತೊಳೆದು ಮರುದಿನದ ಗರಿಷ್ಠ ನೋಡಿದರೆ ಧೂಳಿನ ಪಾಲು ಎಷ್ಟು ಅಂತ ಗೊತ್ತಾಗುತ್ತದೆ.

ಬಂದ ಉತ್ತರವನ್ನು ಏನು ಮಾಡಬೇಕು ಅನ್ನುವುದು ನಿಮ್ಮ ಸಂಪರ್ಕದ ಮೇಲೆ ನಿಂತಿದೆ. ನೆಟ್ ಮೀಟರ್ ಇರುವ ಮನೆಗೆ ನಿಮಿಷದ ಜಿಗಿತದಿಂದ ಬಿಲ್ ಬದಲಾಗುವುದಿಲ್ಲ. ಮೀಟರ್ ಯೂನಿಟ್‌ಗಳನ್ನು ಕೂಡುತ್ತದೆ, ಏರಿಳಿತವನ್ನು ಗ್ರಿಡ್ ಹೊರುತ್ತದೆ. ಅಂಥವರು ತಿಂಗಳವಾರು ಉತ್ಪಾದನೆ ನೋಡಿದರೆ ಸಾಕು. ಸೋಲಾರ್ ಹಾಕುವವರ ಹತ್ತಿರ ಕೊಟೇಶನ್ ಕೇಳುವಾಗಲೂ ವರ್ಷದ ಸರಾಸರಿಯ ಬದಲು 12 ತಿಂಗಳ 12 ಸಂಖ್ಯೆ ಕೇಳಬೇಕು. ಬ್ಯಾಟರಿ ಜೊತೆಗಿನ ಹೈಬ್ರಿಡ್ ಇನ್ವರ್ಟರ್ ಹಾಕಿ ಲಿಫ್ಟ್, ನೀರಿನ ಪಂಪ್ ಓಡಿಸುವ ಅಪಾರ್ಟ್‌ಮೆಂಟ್‌ಗಳ ಕಥೆ ಬೇರೆ. ಪಂಪ್ ಓಡುತ್ತಿರುವಾಗ ಪವರ್ 2.8ರಿಂದ 0.8ಕ್ಕೆ ಬಿದ್ದರೆ ಆ ಕೊರತೆಯನ್ನು ಬ್ಯಾಟರಿ ಆ ಕ್ಷಣವೇ ತುಂಬಬೇಕು. ಅದಕ್ಕೆ ತುಂಬಾ ಯೂನಿಟ್ ಹಿಡಿಯುವ ಬ್ಯಾಟರಿ ಬೇಕಿಲ್ಲ, ಬೇಗ ಮತ್ತು ಜೋರಾಗಿ ಕೊಡಬಲ್ಲ ಬ್ಯಾಟರಿ ಬೇಕು. ವಾಯುಭಾರ ಕುಸಿತದ ಮೂರು ದಿನ ಸುಧಾರಿಸಬೇಕು ಅಂದರೆ ಮಾತ್ರ ಯೂನಿಟ್‌ಗಳ ಗಾತ್ರ ಮುಖ್ಯವಾಗುತ್ತದೆ, ಖರ್ಚೂ ಹಲವು ಪಟ್ಟು ಏರುತ್ತದೆ. ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಬ್ಯಾಟರಿಯ ಚರ್ಚೆ ಬಂದಾಗ ಜುಲೈನ ಒಂದು ವಾರದ ಐದು ನಿಮಿಷದ ಡೇಟಾ ಮತ್ತು ನವೆಂಬರ್‌ನ ಒಂದು ವಾರದ ಡೇಟಾ, ಎರಡನ್ನೂ ಮುಂದಿಟ್ಟು ಯಾವುದಕ್ಕೆ ದುಡ್ಡು ಹಾಕುತ್ತಿದ್ದೇವೆ ಅಂತ ಮೊದಲೇ ತೀರ್ಮಾನಿಸಿಕೊಳ್ಳಬೇಕು.